ಜಾಲಿಮರಕ್ಕೆ ಇಟ್ಟ ಸಿಹಿ ಹನಿ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಆಗಷ್ಟೇ ಗೊತ್ತಾಗಿತ್ತು. ಗಾಳಿ ಇನ್ನೂ ಅಂಬೆಗಾಲಿಡುತ್ತಿತ್ತು.

ಆಗ ಒಂದು ಜಾಲಿಮರದ ಎಳೆಕೊಂಬೆಗೆ ಚಿಮ್ಮವ್ವ ಬಂದಳು. ಚಿಮ್ಮವ್ವ ಒಂದು ಜಿಗಿಹುಳು. ಅಕ್ಕಿಕಾಳಿನಷ್ಟು ಮೈ, ತಲೆಯ ಮೇಲೆ ಎರಡು ಪುಟ್ಟ ಕೊಂಬು, ಸೂಜಿಯಂಥ ಮೂತಿ. ಬಸುರಿ ಬೇರೆ. ಹಸಿವೆಂದರೆ ಹಸಿವು!

“ಅಜ್ಜಾ, ಒಂದು ಗುಟುಕು ರಸ ಕುಡಿಯಲೇ?”

“ಒಂದೇ ಯಾಕವ್ವಾ, ಹೊಟ್ಟೆ ತುಂಬ ಕುಡಿ,” ಅಂದ ಜಾಲಿಯಜ್ಜ.

ಚಿಮ್ಮವ್ವ ಕುಡಿದಳು. ಅಲ್ಲೇ ಮೊಟ್ಟೆಯಿಟ್ಟಳು. ಹನ್ನೊಂದು ಮಕ್ಕಳಾದವು, ಅವೂ ಕುಡಿದವು. ಅಜ್ಜ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು.

ಆದರೆ ಅವಳ ತವರಿನಲ್ಲೊಂದು ಪದ್ಧತಿಯಿತ್ತು. ಪಕ್ಕದ ಮನೆಯವರು ಪಾತ್ರೆಯಲ್ಲಿ ಏನಾದರೂ ಕಳಿಸಿದರೆ, ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಬೆಲ್ಲವನ್ನಾದರೂ ಹಾಕಿಕೊಡಬೇಕು. ಹಾಗಾಗಿ ಕುಡಿದ ಮೇಲೆ ಚಿಮ್ಮವ್ವ ತನ್ನ ಮೈಯಿಂದ ಒಸರಿದ ಒಂದು ಸಿಹಿ ಹನಿಯನ್ನು ಎಲೆಯ ಮೇಲೆ ಇಟ್ಟಳು.

“ತಗೋ ಅಜ್ಜಾ.”

“ನನಗೆ ಬಾಯೆಲ್ಲಿದೆ ಮಗಳೇ?” ಎಂದು ನಕ್ಕ ಅಜ್ಜ.

ಅಯ್ಯೋ, ಅದು ಅವಳಿಗೆ ಹೊಳೆದೇ ಇರಲಿಲ್ಲ! ಆದರೂ ಮರುದಿನ ಇಟ್ಟಳು, ಅದರ ಮರುದಿನವೂ ಇಟ್ಟಳು. ಎಲೆಯೆಲ್ಲ ಅಂಟಂಟು. ಗಾಳಿ ಬಿದ್ದು ಬಿದ್ದು ನಕ್ಕಿತು.

“ಬಾಯಿಲ್ಲದವನಿಗೆ ಬೆಲ್ಲ ತಿನ್ನಿಸ್ತೀಯಲ್ಲೇ, ಹುಚ್ಚಿ!”

“ಹುಚ್ಚಿ ಅಂದರೂ ಸರಿ. ಬರಿ ಪಾತ್ರೆ ಕೊಡೋ ಮನೆತನ ನಮ್ಮದಲ್ಲ,” ಅಂದಳು ಚಿಮ್ಮವ್ವ. ಹಟಮಾರಿ ಹೆಣ್ಣು, ಏನು ಮಾಡುವುದು!

ಒಂದು ಮಧ್ಯಾಹ್ನ ದೊಡ್ಡದೊಂದು ಜೇಡ ಕೊಂಬೆ ಹತ್ತಿ ಬಂತು. ಚಿಮ್ಮವ್ವ ಒಂದೇ ನೆಗೆತಕ್ಕೆ ಪಾರಾಗಬಹುದಿತ್ತು. ಆದರೆ ಮಕ್ಕಳಿಗೆ ಇನ್ನೂ ರೆಕ್ಕೆ ಬಂದಿರಲಿಲ್ಲ. ಹನ್ನೊಂದನ್ನೂ ಬೆನ್ನ ಹಿಂದೆ ಮಾಡಿಕೊಂಡು ಅವಳು ನಿಂತಳು.

“ಅಜ್ಜಾ, ಕಾಪಾಡು!”

“ನನಗೆ ಕೈಯೂ ಇಲ್ಲವಲ್ಲ ಮಗಳೇ!” ಎಂದು ಅಜ್ಜ ನರಳಿದ.

ಅಷ್ಟರಲ್ಲಿ ಕೆಳಗಿನಿಂದ ಒಂದು ದನಿ. “ಯಾರಮ್ಮಾ ನಮ್ಮ ಮಕ್ಕಳಿಗೆ ದಿನಾ ಸಿಹಿ ಕಳಿಸೋರು?” ಮರದ ಬುಡದಲ್ಲಿ ಗೂಡು ಮಾಡಿಕೊಂಡಿದ್ದ ಕರಿ ಇರುವೆ ಕಾಳಕ್ಕ ಹುಡುಕಿಕೊಂಡು ಹತ್ತಿ ಬಂದಿದ್ದಳು. ಎಲೆಯಿಂದ ತೊಟ್ಟಿಕ್ಕಿದ ಹನಿ ಉಂಡೇ ಅವಳ ಹಸಿದ ಮಕ್ಕಳು ಬದುಕಿದ್ದವು. ಒಂದು ಮಾತು ಹೇಳಿಹೋಗೋಣವೆಂದು ಬಂದವಳು ಜೇಡವನ್ನು ಕಂಡು ಕೂಗು ಹಾಕಿದಳು. ದಂಡಿಗೆ ದಂಡೇ ಮೇಲೆ ಬಂತು. ಜೇಡ ನೂಲು ಬಿಟ್ಟುಕೊಂಡು ಕೆಳಗಿಳಿದು ಕಾಲಿಗೆ ಬುದ್ಧಿ ಹೇಳಿತು.

ಚಿಮ್ಮವ್ವ ಬಿಕ್ಕಿ ಬಿಕ್ಕಿ ಅತ್ತಳು. “ಸುಳ್ಳು ಯಾಕೆ ಹೇಳಲಿ ಅಕ್ಕಾ, ಆ ಸಿಹಿ ನಿಮಗೆ ಇಟ್ಟದ್ದಲ್ಲ. ಅಜ್ಜನಿಗೆ ಇಟ್ಟದ್ದು.”

“ನನ್ನ ಬುಡದಲ್ಲಿರೋ ಮಕ್ಕಳು ಉಂಡರೆ ನಾನು ಉಂಡ ಹಾಗೆಯೇ ಕಣವ್ವಾ,” ಅಂದ ಜಾಲಿಯಜ್ಜ. “ನೀನು ಕೊಟ್ಟದ್ದು ನನಗೆ ಮುಟ್ಟಿದೆ.”

ಕಾಳಕ್ಕ ಚಿಮ್ಮವ್ವನ ಕಣ್ಣೊರೆಸಿದಳು. “ಉಂಡ ಮನೆ ಕಾಯೋದು ನಮ್ಮ ಧರ್ಮ. ನೀನು ನೆಮ್ಮದಿಯಾಗಿರು ತಂಗೀ, ನಿನ್ನ ಮಕ್ಕಳ ಕಾವಲು ನಮಗಿರಲಿ.”

ಅದಕ್ಕೇ ಪುಟ್ಟಾ, ಇವತ್ತಿಗೂ ಜಾಲಿಯ ಎಳೆಕೊಂಬೆಯಲ್ಲಿ ಜಿಗಿಹುಳುವಿನ ಮರಿಗಳ ಸುತ್ತ ಕರಿ ಇರುವೆಗಳು ಓಡಾಡುತ್ತಲೇ ಇರುತ್ತವೆ. ನೀನು ಕೈ ಚಾಚಿದರೆ, ಅಷ್ಟು ದೊಡ್ಡ ಬೆರಳಿಗೂ ಹೆದರದೆ ಎದುರು ನಿಲ್ಲುತ್ತವೆ.