ಬಳೆ ಹಂಚಿದ ಜಂಭೋಜಿ

ಒಂದು ಕಾಡಿನಲ್ಲಿ ಚುನಾವಣೆ ಬಂತು. ಕಾಡಿಗೆ ಚುನಾವಣೆ ಬರುವುದೂ ಮಳೆ ಬರುವುದೂ ಒಂದೇ. ಎರಡಕ್ಕೂ ಕಪ್ಪೆಗಳೆಲ್ಲ ಒಟ್ಟಿಗೆ ಬಾಯಿ ತೆರೆಯುತ್ತವೆ.

ಆ ಕಾಡಿಗೆ ದೊಡ್ಡವ್ವ ಎಂಬ ಮುದಿ ಆನೆ ಯಜಮಾನಿ. ಕಡುಬೇಸಿಗೆಯಲ್ಲೂ ನೆಲ ಮೂಸಿ, ನೀರು ಎಲ್ಲಿದೆ ಎಂದು ಹುಡುಕಿ ಕೊಡುತ್ತಿದ್ದಳು. ಈ ಸಲ ಅವಳ ಎದುರು ನಿಂತವನು ಜಂಭೋಜಿ ಎಂಬ ನರಿ. ಜಂಭೋಜಿಗೆ ಕೆಲಸ ಬರುತ್ತಿರಲಿಲ್ಲ, ಮಾತು ಬರುತ್ತಿತ್ತು. ಮೂತಿಯ ಎರಡೂ ಕಡೆ ನಾಲ್ಕು ನಾಲ್ಕು ಕೂದಲಿದ್ದವು. ಅವಕ್ಕೆ ಜೇನು ಹಚ್ಚಿ, ಮೇಲಕ್ಕೆ ತಿರುವಿ, ಮೀಸೆ ಎನ್ನುತ್ತಿದ್ದ. ಜೇನಿಗೆ ಇರುವೆ ಮುತ್ತಿದರೂ ಕೆರೆದುಕೊಳ್ಳುತ್ತಿರಲಿಲ್ಲ. ಗಂಡಸಾದವನು ಕೆರೆದುಕೊಳ್ಳಬಾರದಂತೆ!

ಒಂದು ಬೆಳಿಗ್ಗೆ ಅವನು ದೊಡ್ಡ ಮತ್ತಿಮರದ ಬುಡದಲ್ಲಿದ್ದ ಹುತ್ತ ಹತ್ತಿ, ತೊಡೆ ತಟ್ಟಿದ.

"ಗಂಡುಗಲಿಗಳೇ! ಆಚೆ ಕಾಡಿನ ಹುಲಿಗಳು ನಮ್ಮ ಮೇಲೆ ಕಣ್ಣಿಟ್ಟಿವೆ. ಏಕೆ? ಇಲ್ಲಿ ಹೆಂಗಸಿನ ದರಬಾರು ಅಂತ! ನಮ್ಮಲ್ಲಿ ಮೀಸೆ ಇರೋರು ಯಾರೂ ಇಲ್ವಾ?"

"ನೀರು ಹುಡುಕೋಕೆ ಮೀಸೆ ಬೇಕೇನಪ್ಪ?" ಎಂದಳು ದೊಡ್ಡವ್ವ.

ಯಾರೂ ಕೇಳಿಸಿಕೊಳ್ಳಲಿಲ್ಲ. ಜಂಭೋಜಿ ಇನ್ನೊಮ್ಮೆ ತೊಡೆ ತಟ್ಟಿದ. "ದಮ್ಮಿದ್ದರೆ, ತಾಕತ್ತಿದ್ದರೆ, ಗಂಡಸರೆಲ್ಲ ಮೂರು ದಿನ ಗಡಿಯ ಗುಡ್ಡದ ಮೇಲೆ ಎದೆ ಉಬ್ಬಿಸಿ ನಿಲ್ಲಿ. ಹುಲಿಗಳು ಹೆದರಿ ಸಾಯಲಿ! ನಾನು ಹಿಂದೆ ಇದ್ದು ಕಾಡು ಕಾಯ್ತೀನಿ. ಬಾರದವರ ಮನೆಗೆ ಬಳೆ ಕಳಿಸ್ತೀನಿ, ತೊಟ್ಟುಕೊಳ್ಳಿ!"

ಅಷ್ಟು ಹೇಳಿ ಮುಗಿಲಿಗೆ ಮೂತಿ ಎತ್ತಿ "ಊಂಊಂ" ಎಂದು ಊಳಿಟ್ಟ. ಅವನ ಭಾಷಣ ಯಾವಾಗಲೂ ಮುಗಿಯುತ್ತಿದ್ದದ್ದೇ ಹಾಗೆ. ಬಳೆ ಎಂದದ್ದೇ ತಡ, ಹುಂಜದ ಜುಟ್ಟು ನೆಟ್ಟಗಾಯಿತು. ಗಂಡು ನವಿಲು ಕೆಮ್ಮಿತು. ಗಂಡು ಟಿಟ್ಟಿಭ ಹಕ್ಕಿ ತನ್ನ ಕಡ್ಡಿಕಾಲಿನಲ್ಲೇ ತೊಡೆ ತಟ್ಟಲು ಹೋಗಿ ಬಿದ್ದಿತು.

ಅದೇ ಮತ್ತಿಮರದ ಮೇಲೆ ದೋಣಪ್ಪ ಎಂಬ ಮಂಗಟ್ಟೆ ಹಕ್ಕಿ ಕುಳಿತಿತ್ತು. ದೋಣಿಯಂಥ ಕೊಕ್ಕು, ಹೂವಿನಂಥ ಮನಸ್ಸು. ಮಂಗಟ್ಟೆಗಳಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಕೊಕ್ಕಿನ ತುದಿ ಹೊರಗೆ ಬರುವಷ್ಟೇ ಸಂದು. ಮರಿಗಳು ದೊಡ್ಡವಾಗುವ ತನಕ ಬಾಣಂತನವೆಲ್ಲ ಗಂಡಿನದೇ. ಅವನು ಹಣ್ಣು ತಂದರೆ ಊಟ, ತಾರದಿದ್ದರೆ ಉಪವಾಸ. ಆಗ ಆ ಮತ್ತಿಮರದ ಪೊಟರೆಯೊಳಗೆ ದೋಣಪ್ಪನ ಹೆಂಡತಿ ಸಾಕವ್ವ ಇದ್ದಳು. ಮೊನ್ನೆ ತಾನೇ ಎರಡು ಮರಿಗಳು ಮೊಟ್ಟೆಯೊಡೆದು ಹೊರಬಂದಿದ್ದವು.

ಜಂಭೋಜಿ ಮೇಲೆ ನೋಡಿ ನಕ್ಕ. "ಏನಯ್ಯಾ ಬಾಣಂತನದ ದೋಣಪ್ಪ! ಗುಡ್ಡಕ್ಕೆ ಬರ್ತೀಯೋ, ಹೆಂಡತಿಗೆ ಬುತ್ತಿ ಹೊರ್ತಾ ಕೂರ್ತೀಯೋ?"

ಎಲ್ಲರೂ ಗೊಳ್ಳೆಂದು ನಕ್ಕರು. ದೋಣಪ್ಪನಿಗೆ ಕೊಕ್ಕಿನ ತುದಿಯವರೆಗೆ ನಾಚಿಕೆಯಾಯಿತು. ಹಿಂದುಮುಂದು ನೋಡದೆ ಹಾರಿ ಗುಡ್ಡಕ್ಕೆ ಹೋದ.

ಗುಡ್ಡದ ಮೇಲೆ ಸುಡುಬಿಸಿಲು. ಹುಂಜ, ನವಿಲು, ಕಾಡುಹಂದಿ, ಟಿಟ್ಟಿಭ ಎಲ್ಲ ಸಾಲಾಗಿ ಎದೆ ಉಬ್ಬಿಸಿ ನಿಂತಿದ್ದರು. ಮೀಸೆ ಇಲ್ಲದವರು ಹುಲ್ಲುಕಡ್ಡಿ ಅಂಟಿಸಿಕೊಂಡಿದ್ದರು. ಕಾಡುಹಂದಿ ಮಾತ್ರ ತನ್ನ ಮೀಸೆಯನ್ನು ಹಸಿವಿಗೆ ಆಗಲೇ ತಿಂದು ಮುಗಿಸಿತ್ತು. ಮಧ್ಯಾಹ್ನದವರೆಗೆ ಒಂದು ಹುಲಿಯೂ ಬರಲಿಲ್ಲ.

ದೋಣಪ್ಪನಿಗೆ ಹೊಟ್ಟೆ ಚುರುಗುಟ್ಟಿತು. ತಕ್ಷಣ ಪೊಟರೆಯ ಸಂದಿನಲ್ಲಿ ಚಾಚಿಕೊಂಡಿರುವ ಕೊಕ್ಕು ಕಣ್ಣಿಗೆ ಕಟ್ಟಿತು. ಅಯ್ಯೋ, ನನಗೇ ಇಷ್ಟು ಹಸಿವಾದರೆ ಅವಳಿಗೆ, ಆ ಮರಿಗಳಿಗೆ? ಅವನ ಉಬ್ಬಿದ ಎದೆ ಠುಸ್ಸೆಂದಿತು. ದಾರಿಯಲ್ಲಿ ಅತ್ತಿಹಣ್ಣನ್ನು ಗಂಟಲ ತುಂಬ ತುಂಬಿಕೊಂಡು ಮನೆಗೆ ಹಾರಿದ.

"ಎಲ್ಲಿ ಹೋಗಿದ್ರಿ?" ಸಂದಿನೊಳಗಿಂದ ಸಾಕವ್ವನ ದನಿ ಸಣ್ಣಗೆ ಬಂತು. "ಚಿಕ್ಕದು ಅತ್ತೂ ಅತ್ತೂ ಈಗ ಅಳೋದನ್ನೂ ಬಿಟ್ಟಿದೆ."

ದೋಣಪ್ಪ ಒಂದೊಂದೇ ಹಣ್ಣು ಕೊಟ್ಟ. ನಾಲ್ಕನೆಯ ಹಣ್ಣಿಗೆ ಚಿಕ್ಕ ಮರಿ ಕೀಂ ಎಂದಿತು. ಅವನಿಗೆ ಹೋದ ಜೀವ ಬಂತು.

"ಹುಲಿಗಳನ್ನ ಹೆದರಿಸೋಕೆ ಹೋಗಿದ್ದೆ ಕಣೆ," ಎಂದ.

"ಹೆದರಿದವಾ?"

"ಬರಲೇ ಇಲ್ಲ. ಒಂದು ಮೊಲ ಬಂದಿತ್ತು."

"ಅದಾದರೂ ಹೆದರಿತಾ?"

"ಇಲ್ಲ. ನಮ್ಮ ಮೀಸೆಗಳನ್ನ ತಿಂದು ಹೋಯ್ತು."

ಸಾಕವ್ವ ಎಷ್ಟು ನಕ್ಕಳೆಂದರೆ ಬಾಗಿಲಿನ ಮಣ್ಣು ಉದುರಿತು. "ನೋಡಿ, ನಿಮ್ಮ ಗಂಡಸುತನ ನಾನು ಬಲ್ಲೆ. ಅದು ದಿನಾ ಎರಡು ಹೊತ್ತು ಈ ಸಂದಿಗೆ ಬರುತ್ತೆ. ಇನ್ನೊಂದು ಸಲ ಗುಡ್ಡಕ್ಕೆ ಹೋದ್ರೆ ನೋಡಿ ಮತ್ತೆ."

ದೋಣಪ್ಪ ಮತ್ತೆ ಹೋಗಲಿಲ್ಲ. ಸಂಜೆಗೆ ಒಂದು ಬಳೆ ಬಂತು. ಹಸಿಬಳ್ಳಿಯಲ್ಲಿ ಹೆಣೆದ ಬಳೆ. ಸುತ್ತ ಒಣಕಾಯಿ ಕಟ್ಟಿತ್ತು, ಒಳಗಿನ ಬೀಜ ಅಲುಗಿ ಗಿಲಿಗಿಲಿ ಎನ್ನುತ್ತಿತ್ತು. ಕಾಡಿಗೆಲ್ಲ ಕಾಣಲಿ, ಕೇಳಲಿ ಎಂದು ಜಂಭೋಜಿ ಅದನ್ನು ತನ್ನ ತಲೆಗಿಂತ ದೊಡ್ಡದಾಗಿ ಹೆಣೆದಿದ್ದ. ಮರುದಿನ ಇನ್ನೊಂದು ಬಂತು, ಮೂರನೆಯ ದಿನ ಮತ್ತೊಂದು. ದೋಣಪ್ಪ ಮೂರನ್ನೂ ಪೊಟರೆಯ ಪಕ್ಕದ ಕೊಂಬೆಗೆ ನೇತುಹಾಕಿದ.

"ಒಳ್ಳೆಯದೇ ಆಯ್ತು," ಎಂದಳು ಸಾಕವ್ವ. "ಮರಿಗಳಿಗೆ ಗಿಲಕಿ ಇರಲಿಲ್ಲ."

ಆ ಕಾಡಿನ ನೆಲಗೂಡುಗಳಲ್ಲಿ ತಾಯಂದಿರು ನೀರಿಗೆ ಹೋದಾಗ ಗಂಡುಗಳು ಕಾವಲು ಕೂರುವುದು ವಾಡಿಕೆ. ಈಗ ಗಂಡುಗಳೆಲ್ಲ ಗುಡ್ಡದ ಮೇಲೆ. ಮೂರನೆಯ ದಿನ ಹಣ್ಣು ತರುವಾಗ ದೋಣಪ್ಪ ಕೆಳಗೆ ನೋಡಿದ. ಟಿಟ್ಟಿಭದ ಗೂಡಿನ ಮುಂದೆ ಜಂಭೋಜಿ ಕುಳಿತು, ಮೀಸೆ ಮುಳುಗುವಂತೆ ಮೊಟ್ಟೆ ಕುಡಿಯುತ್ತಿದ್ದ. ಕಾಡು ಕಾಯುವುದೆಂದರೆ ಇದು!

ನಾಲ್ಕನೆಯ ದಿನ ಚುನಾವಣೆಗೆಂದು ಮತ್ತಿಮರದ ಕೆಳಗೆ ಕಾಡೆಲ್ಲ ನೆರೆಯಿತು. ಯಾರ ಬೆನ್ನ ಹಿಂದೆ ಹೆಚ್ಚು ಪ್ರಾಣಿಗಳು ನಿಲ್ಲುತ್ತವೋ ಅವರೇ ಯಜಮಾನರು. ತಾಯಂದಿರು ಅಳುತ್ತಿದ್ದರು. ಗೂಡುಗಳೆಲ್ಲ ಖಾಲಿ.

"ಇದು ಆಚೆ ಕಾಡಿನ ಹುಲಿಗಳ ಕೆಲಸ!" ಎಂದು ಜಂಭೋಜಿ ಹುತ್ತದ ಮೇಲಿಂದ ಗುಡುಗಿದ. "ನೀವು ಇನ್ನೂ ಎದೆ ಉಬ್ಬಿಸಬೇಕಾಗಿತ್ತು ಕಣ್ರೋ!"

ಗಂಡುಗಳು ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ಅವನ ಹಿಂದೆ ಹೋಗಿ ನಿಲ್ಲತೊಡಗಿದರು.

"ಹುಲಿಯಲ್ಲ, ಮೊಟ್ಟೆ ಕದ್ದವನು ಇವನೇ! ನಾನು ಕಣ್ಣಾರೆ ಕಂಡೆ," ಎಂದು ದೋಣಪ್ಪ ಮೇಲಿಂದ ಕೂಗಿದ.

"ಬಾಣಂತಿ ಕೋಣೆ ಮುಂದೆ ಕೂತವನ ಚಾಡಿಮಾತು!" ಎಂದ ಜಂಭೋಜಿ. ಎಲ್ಲರೂ ನಕ್ಕರು.

ಮೊದಲಾಗಿದ್ದರೆ ದೋಣಪ್ಪ ನಾಚಿ ನೀರಾಗುತ್ತಿದ್ದ. ಈಗ ಮಾತ್ರ, "ಹಾಗಾದರೆ ಆ ಗಂಡುಮೀಸೆಯನ್ನ ಸ್ವಲ್ಪ ಕೆಳಗೆ ಬಗ್ಗಿಸಿ ಟಿಟ್ಟಿಭಮ್ಮನಿಗೆ ತೋರಿಸಪ್ಪ," ಎಂದ.

ಜಂಭೋಜಿಯ ಮುಖ ಬಿಳಿಚಿಕೊಂಡಿತು. ಜೇನಿನ ಮೀಸೆಗೆ ಏನೋ ಅಂಟಿದೆ ಎಂದು ನಿನ್ನೆಯಿಂದ ಅನಿಸುತ್ತಿತ್ತು. ಆದರೆ ಗಂಡಸು ಕೆರೆದುಕೊಳ್ಳಬಾರದಲ್ಲ! ಮೀಸೆ ಯಾರಿಗೂ ಕಾಣದಿರಲೆಂದು ಅವಸರದಲ್ಲಿ ಮೂತಿಯನ್ನು ನೆಟ್ಟಗೆ ಮುಗಿಲಿಗೆ ಎತ್ತಿ "ಊಂಊಂ" ಎಂದು ಊಳಿಟ್ಟ.

ದೋಣಪ್ಪ ಕೊಂಬೆಯಿಂದ ಒಂದು ಬಳೆ ಕೆಳಕ್ಕೆ ಬಿಟ್ಟ. ಅದು ಮೂತಿಯಿಂದ ಜಾರಿ ಕುತ್ತಿಗೆಗೆ ಬಿತ್ತು. ಇನ್ನೊಂದು ಬಿಟ್ಟ, ಮತ್ತೊಂದು ಬಿಟ್ಟ. ಗಿಲಿಗಿಲಿ ಸದ್ದಿಗೆ ಬೆಚ್ಚಿ ಜಂಭೋಜಿ ಹುತ್ತದಿಂದ ಉರುಳಿ ಹೆಣ್ಣು ಟಿಟ್ಟಿಭದ ಕಾಲಬುಡಕ್ಕೇ ಬಿದ್ದ. ಮೀಸೆಯ ಒಂದೊಂದು ಕೂದಲಿಗೂ ಚುಕ್ಕೆಚುಕ್ಕೆಯ ಚಿಪ್ಪಿನ ಚೂರುಗಳು ಅಂಟಿದ್ದವು.

"ಅಯ್ಯೋ, ನನ್ನ ಮೊಟ್ಟೆ ಚಿಪ್ಪು ಇದು!" ಎಂದು ಆ ತಾಯಿ ಬೊಬ್ಬೆಯಿಟ್ಟಳು.

ಆಮೇಲೆ ನಡೆದದ್ದನ್ನು ಹೇಳಲು ಜಂಭೋಜಿಗೇ ನಾಚಿಕೆ. ಹೇಂಟೆಗಳು ಕುಕ್ಕಿದವು, ಕಾಡುಹಂದಿ ಗುದ್ದಿತು, ದೊಡ್ಡವ್ವ ಸೊಂಡಿಲಿನಿಂದ ಒಂದೇ ಒಂದು ಕೊಟ್ಟಳು, ಅದೇ ಸಾಕಾಯಿತು. ಗಿಲಿಗಿಲಿ ಎನ್ನುತ್ತ ಅವನು ಪೊದೆಯೊಳಗೆ ಓಡಿದ. ದೊಡ್ಡವ್ವನೇ ಮತ್ತೆ ಯಜಮಾನಿಯಾದಳು. ಹುಂಜ, ಟಿಟ್ಟಿಭಗಳು ಗೂಡಿನ ಕಾವಲಿಗೆ ಹೋದವು. ಹೋದ ಮೊಟ್ಟೆಗಳು ಮಾತ್ರ ಹೋದವೇ.

ಹಸಿಬಳ್ಳಿ ಒಣಗಿ ಬಿಗಿಯಾಯಿತು. ಬಳೆಗಳು ಜಂಭೋಜಿಯ ಕುತ್ತಿಗೆಯಿಂದ ಕಳಚಲೇ ಇಲ್ಲ. ಒಂದು ದಿನ ಅವನು ಮತ್ತಿಮರದ ಕೆಳಗೆ ಬಂದು, "ಅಣ್ಣಾ ದೋಣಪ್ಪಣ್ಣಾ, ಇದನ್ನ ಕಚ್ಚಿ ತೆಗೆಯೋ, ಮಾನ ಹೋಗ್ತಿದೆ," ಎಂದು ಅಂಗಲಾಚಿದ.

"ಬಳೆ ತೊಟ್ಟರೆ ಮಾನ ಯಾಕೆ ಹೋಗುತ್ತೆ?" ಎಂದ ದೋಣಪ್ಪ. "ಮಾನ ಹೋದದ್ದು ಮೊಟ್ಟೆ ಕದ್ದ ದಿನ. ಸ್ವಲ್ಪ ಸರಿ, ಬಾಣಂತಿಗೆ ಹಣ್ಣು ತರೋ ಹೊತ್ತಾಯ್ತು."

ಈಗಲೂ ಆ ಕಾಡಿನಲ್ಲಿ ದೂರದಿಂದ ಗಿಲಿಗಿಲಿ ಕೇಳಿಸಿದರೆ ಹೇಂಟೆಗಳು ಕೂಗಿಕೊಳ್ಳುತ್ತವೆ: "ಗಂಡುಗಲಿ ಬಂದ, ಮೊಟ್ಟೆ ಮುಚ್ಚಿಕೊಳ್ಳಿ!"

ನೀತಿ: ತೊಡೆ ತಟ್ಟಿ ಮೀಸೆ ತಿರುವುವುದು ಶೌರ್ಯವಲ್ಲ, ನಂಬಿದವರನ್ನು ಕಾಯುವುದು ಶೌರ್ಯ. ಹೆಣ್ಣಿನ ಬಳೆಯನ್ನು ಬೈಗುಳ ಮಾಡಿಕೊಂಡು ಓಟು ಕೇಳುವವನು ಬಂದರೆ, ಮೊದಲು ಅವನ ಮೀಸೆಗೆ ಏನು ಅಂಟಿದೆ ಎಂದು ನೋಡಿ.