ಸಿಟ್ಟನ್ನು ಕಾಲಿಗೆ ಇಳಿಸಿದ ಅಜ್ಜನವರು

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ, ಕೈಯಲ್ಲಿರುವ ಕೆಲಸ ಬದಿಗಿಡಿ. ಶಂಕ್ರಯ್ಯ ಅಜ್ಜನವರ ಮಾತು ಅರ್ಧ ಕಿವಿಯಲ್ಲಿ ಕೇಳುವಂಥದ್ದಲ್ಲ.

ಅಜ್ಜನವರು ಮಠ ಕಟ್ಟಿಸಿದವರಲ್ಲ, ಗದ್ದುಗೆ ಏರಿದವರಲ್ಲ. ಕೆರೆ ದಂಡೆಯ ಮೇಲೊಂದು ಗುಡಿಸಲು, ಅದರೊಳಗೊಂದು ಗಡಿಗೆ ತಿರುವುವ ಕುಂಬಾರ ಚಕ್ರ, ತಿಗರಿ. ಶಿವನಾಮ ನುಡಿಯುತ್ತ ಗಡಿಗೆ ಮಾಡುವುದೇ ಅವರ ಪೂಜೆ.

ಒಂದು ಮುಂಜಾನೆ ಬಾಳವ್ವ ಅಲ್ಲಿಗೆ ಬಂದಳು. ಬಂದಳೇನು, ನುಗ್ಗಿದಳು. ಗಂಡ ತೀರಿ ಮೂರು ತಿಂಗಳಾಗಿತ್ತು. ಊರಲ್ಲಿ ಯಾರ ಮದುವೆಯಾದರೂ ಶಾಸ್ತ್ರಕ್ಕೆ ಪೂಜಿಸುವ ಐರಾಣಿ ಗಡಿಗೆ ಕುಂಬಾರರಾದ ಆಕೆಯ ಮನೆಯಿಂದಲೇ ಹೋಗಬೇಕು. ಆ ಮನೆಯ ಮರ್ಯಾದೆ ಅದೇ, ಅನ್ನವೂ ಅದೇ. ಆದರೆ ಅಲ್ಲಿ ಹೆಂಗಸರು ಮಣ್ಣು ತುಳಿಯಬಹುದು, ಹಸಿ ಗಡಿಗೆ ಬಡಿದು ತಿದ್ದಬಹುದು, ತಿಗರಿ ಮುಟ್ಟುವಂತಿರಲಿಲ್ಲ. "ಗಾಣಿಗರ ಮದುವೆಗೆ ಐರಾಣಿ ಕೊಡದಿದ್ದರ ನಿನ್ನ ತಿಗರಿ ನನ್ನ ಅಂಗಳಕ್ಕ. ಕೊಟ್ಟರೂ ಗಂಡ ಸತ್ತಾಕಿ ಮಾಡಿದ್ದನ್ನ ಯಾರು ಹೊರತಾರ?" ಎಂದು ಮೈದುನ ಭೀಮಶಿ ಹಿರಿಯರ ಮುಂದೆ ಅಂದಿದ್ದ. ಮದುವೆಗೆ ಉಳಿದದ್ದು ಒಂದು ತಿಂಗಳು.

"ಅಜ್ಜಾರ, ದೇವರ ಮಾತು ನನಗ ಹೇಳಬ್ಯಾಡ್ರಿ," ಎಂದಳು ಬಾಳವ್ವ. "ಅವ ಇದ್ದಿದ್ದರ ಭೀಮಶೀನ್ನ ಬಿಟ್ಟು ನನ್ನ ಗಂಡನ್ನ ಯಾಕ ಒಯ್ತಿದ್ದ? ತಿಗರಿ ಕಲಿಸ್ರಿ, ಸಾಕು."

ಅಜ್ಜನವರು ನಕ್ಕು, ತಿಗರಿಯ ಮುಂದೆ ಜಾಗ ತೋರಿಸಿ, "ಕೂಡು" ಎಂದರು.

ಮೊಣಕೈ ತೊಡೆಗೆ ಊರಿಕೊಳ್ಳಬೇಕು, ಕೈ ಒದ್ದೆಯಿರಬೇಕು, ಮಣ್ಣಿನ ಮುದ್ದೆ ನಟ್ಟನಡುವೆ ಬಂದು ಅಲುಗಾಡದೆ ನಿಂತ ಮೇಲೇ ಅದರಲ್ಲಿ ಹೆಬ್ಬೆರಳು ಇಳಿಸಬೇಕು. ಅವರು ತೋರಿಸಿದ್ದು ಇಷ್ಟೇ. ಬಾಳವ್ವ ಮಣ್ಣಿನ ಕುತ್ತಿಗೆ ಹಿಸುಕುವವಳಂತೆ ಹಿಡಿದಳು. ಮುದ್ದೆ ಹಾರಿ ಗೋಡೆಗೆ ಬಡಿಯಿತು.

"ಈ ಮಣ್ಣಿಗೂ ಭೀಮಶೀ ಬುದ್ಧಿ," ಎಂದು ಹಲ್ಲು ಕಡಿದಳು.

"ಮಣ್ಣು ಯಾರ ಮೈದುನನೂ ಅಲ್ಲವ್ವ," ಎಂದರು ಅಜ್ಜನವರು.

ಹನ್ನೆರಡನೆಯ ದಿನ ಒಂದು ಗಡಿಗೆ ಎದ್ದು ನಿಂತಿತು. ಆಕೆ ಕಣ್ಣು ತುಂಬ ನೋಡುವಷ್ಟರಲ್ಲಿ ಅಜ್ಜನವರು ದಾರ ಎಳೆದು ಅದನ್ನು ನಡುವೆ ಸೀಳಿಬಿಟ್ಟರು. ಬಾಳವ್ವ ದಡಕ್ಕನೆ ಎದ್ದಳು.

"ನೀವೂ ಅವರ ಪೈಕಿನೇ ಏನ್ರಿ? ಹೆಂಗಸು ಮುಟ್ಟಿದ್ದು ಅಂತ ಕೊಯ್ದ್ರೇನು?"

ಅವರು ಅರ್ಧ ಹೋಳನ್ನು ಆಕೆಯ ಕೈಗಿಟ್ಟರು. ಗಡಿಗೆಯ ಮೈಯೊಳಗೆ ಜೋಳದ ಕಾಳಿನಷ್ಟು ಹರಳು, ಅದರ ಪಕ್ಕ ಗಾಳಿ ಕೂತ ತೂತು. ಸುಡಲು ಆವಿಗೆಯ ಬೆಂಕಿಗೆ ಇಟ್ಟಿದ್ದರೆ ಸಿಡಿಯುತ್ತಿತ್ತು. ತಿಗರಿಗೆ ಕೂರುವ ಆತುರದಲ್ಲಿ ಬಾಳವ್ವ ದಿನವೂ ಮಣ್ಣನ್ನು ನಾಲ್ಕು ಹೆಜ್ಜೆ ತುಳಿದು ಬಿಡುತ್ತಿದ್ದಳು.

"ಸಿಟ್ಟು ಬಿಡು ಅನ್ನೋದಿಲ್ಲ ತಾಯಿ," ಎಂದರು. "ಕಾಲಿಗೆ ಇಳಿಸು. ಕೈಗೆ ತರಬ್ಯಾಡ."

ಬಾಳವ್ವ ಮಣ್ಣಿಗೆ ಇಳಿದಳು. ಭೀಮಶಿಯ ಒಂದೊಂದು ಮಾತಿಗೂ ಹಿಮ್ಮಡಿಯಿಂದ ಒಂದೊಂದು ಏಟು. ಆಮೇಲೆ ಬಾಯಿ ಮುಚ್ಚಿ ಕೂತಿದ್ದ ಹಿರಿಯರಿಗೆ. ಆಮೇಲೆ ಹೇಳದೆ ಹೋದ ಗಂಡನಿಗೂ. ಅಂಗಾಲಿಗೆ ಹರಳು ಚುಚ್ಚಿದಾಗೆಲ್ಲ ಹೆಕ್ಕಿ ಎಸೆದಳು. ಮಧ್ಯಾಹ್ನಕ್ಕೆ ಮಣ್ಣು ಬೆಣ್ಣೆಯಾಯಿತು, ಆಕೆಯ ಕಣ್ಣು ಕೆರೆಯಾಯಿತು. ತಿಗರಿಗೆ ಕೂತಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮುದ್ದೆ ತಿರುಗುತ್ತಿದೆಯೋ ಇಲ್ಲವೋ ಎಂಬಂತೆ ನಡುವೆ ನಿಂತಿತು.

ಮದುವೆಯ ದಿನ, ಬಾಳವ್ವ ಮಾಡಿ ಆವಿಗೆಯಲ್ಲಿ ಸುಟ್ಟ ಐರಾಣಿ ಗಡಿಗೆಗಳನ್ನು ಅಜ್ಜನವರು ತಾವೇ ತಲೆಯ ಮೇಲೆ ಹೊತ್ತು ಹೊರಟರು. ಗಾಣಿಗರ ಬಾಗಿಲಲ್ಲಿ ಭೀಮಶಿ ಅಡ್ಡ ಬಂದ. "ಇದನ್ನ ಮಾಡಿದ್ದು ಯಾರ ಕೈ ಅಂತ ಗೊತ್ತೇನ್ರಿ?"

"ಬೆಂಕಿ ಕೇಳಲಿಲ್ಲಪ್ಪ. ನೀ ಕೇಳ್ತೀ?"

ಮದುಮಗಳ ತಾಯಿ ಮುಂದೆ ಬಂದು ಸೆರಗೊಡ್ಡಿ ಗಡಿಗೆ ಇಳಿಸಿಕೊಂಡಳು. ಹಿರಿಯರು ದಾರಿ ಬಿಟ್ಟರು. ಬಾಳವ್ವ ಅಲ್ಲೇ ಅಜ್ಜನವರ ಪಾದಕ್ಕೆ ಹಣೆ ಹಚ್ಚಿದಳು.

ಅಜ್ಜನವರು ಮರುವರ್ಷ ಶ್ರಾವಣದಲ್ಲಿ ಲಿಂಗೈಕ್ಯರಾದರು. ಅವರ ತಿಗರಿ ಇಂದಿಗೂ ಆ ಗುಡಿಸಲಲ್ಲೇ ಇದೆ, ಜನ ಅದಕ್ಕೇ ವಿಭೂತಿ ಹಚ್ಚುತ್ತಾರೆ. ಭೀಮಶಿ ಸಾಯುವ ತನಕ ಅತ್ತಿಗೆಯ ಹೊಸ್ತಿಲು ತುಳಿಯಲಿಲ್ಲ, ಆದರೆ ತನ್ನ ಮಗಳನ್ನು ಕಲಿಯಲು ಆಕೆಯ ಬಳಿಗೇ ಕಳಿಸಿದ. ಬಾಳವ್ವ ಎಪ್ಪತ್ತು ದಾಟುವವರೆಗೆ ಐರಾಣಿ ಮಾಡಿದಳು. ಸಿಟ್ಟು ಹೋಗಲಿಲ್ಲ ಆಕೆಗೆ. ಮಣ್ಣು ತುಳಿದು ಮುಗಿಸುವವರೆಗೆ ಯಾರೂ ಮಾತಾಡಿಸುತ್ತಿರಲಿಲ್ಲ. ಕಲಿಯಲು ಬಂದ ಪ್ರತಿ ಹೆಣ್ಣಿನ ಮೊದಲ ಗಡಿಗೆಯನ್ನೂ ಆಕೆ ದಾರದಿಂದ ಸೀಳಿ, ಅರ್ಧ ಹೋಳನ್ನು ಅವಳ ಕೈಗೇ ಇಡುತ್ತಿದ್ದಳು.