ಗುಡ್ಡದಾಚೆಯ ಹೊಗೆ

ಒಂದು ಕಾಡಿನಲ್ಲಿ ಚಳಿಗಾಲ ಬಲು ಉದ್ದ. ಅಲ್ಲಿನ ಪ್ರಾಣಿಗಳು ಬೆಂಕಿ ಹೊತ್ತಿಸಲು ಕಲಿತಿದ್ದವು. ಪ್ರತಿ ಬಿಲದಲ್ಲೂ ಒಂದು ಒಲೆ, ಮೇಲೆ ಒಂದು ಹೊಗೆಗಂಡಿ. ಆದರೆ ಬಿಲಗಳ ಗೋಡೆಯ ತುಂಬ ಬಿರುಕು. ಒಲೆಯ ಶಾಖ ಬಿರುಕಿನಿಂದ ಹೊರಗೆ ಹೋಗುತ್ತಿತ್ತು. ಶಾಖ ಹೋದಷ್ಟೂ ಪ್ರಾಣಿಗಳು ಕಟ್ಟಿಗೆ ಒಟ್ಟುತ್ತಿದ್ದವು. ಕಣಿವೆಯಲ್ಲಿ ಹೊಗೆ ಮೋಡದಂತೆ ನಿಂತಿತು.

ಒಂದು ದಿನ ಮುದಿ ಜೇನೊಂದು ಸಭೆಗೆ ಬಂತು.

“ಹೊಗೆಯಲ್ಲಿ ನಮಗೆ ದಾರಿ ತಿಳಿಯುವುದಿಲ್ಲ. ನೇರಳೆ ಹೂ ಬಿಡುವ ಹೊತ್ತಿಗೆ ಇದು ಇಳಿಯದಿದ್ದರೆ ನಾವು ಬೇರೆ ಕಾಡಿಗೆ ಹೋಗುತ್ತೇವೆ.”

ಜೇನು ಹೋದರೆ ನೇರಳೆ ಕಾಯಿ ಕಟ್ಟುವುದಿಲ್ಲ. ನೇರಳೆ ಇಲ್ಲದಿದ್ದರೆ ಬೇಸಿಗೆಯಲ್ಲಿ ಹೊಟ್ಟೆಗಿಲ್ಲ.

ಮುಳ್ಳುಹಂದಿ ಹೇಳಿತು: “ಚಳಿಗೆ ಬೆಂಕಿ ಬೇಕು. ಆದರೆ ಇಷ್ಟು ಬೇಡ. ಜೇಡಿಮಣ್ಣಿಗೆ ಒಣಹುಲ್ಲು ಕಲಸಿ ಬಿರುಕಿಗೆ ಮೆತ್ತೋಣ. ಆಮೇಲೆ ಹಿಡಿ ಕೆಂಡ ಸಾಕು. ಮುಯ್ಯಿಯಲ್ಲಿ ಮಾಡೋಣ. ಇಂದು ಎಲ್ಲರೂ ನಿಮ್ಮ ಮನೆಗೆ, ನಾಳೆ ಎಲ್ಲರೂ ನಮ್ಮ ಮನೆಗೆ.”

ಎಲ್ಲವೂ ಒಪ್ಪಿದವು. ಯಾವ ಗಂಡಿಯ ಹೊಗೆ ಇಳಿಯಿತೆಂದು ನೋಡುವ ಕೆಲಸ ಕಾಗೆಗೆ ಬಂತು.

ನರಿಗೆ ಮಣ್ಣು ಮೆಟ್ಟುವುದು ಬೇಕಿರಲಿಲ್ಲ. ದೊಡ್ಡ ಬೆಂಕಿಯ ಸುಖ ಬಿಡಲೂ ಮನಸ್ಸಿರಲಿಲ್ಲ. ‘ಕಾಗೆ ನೋಡುವುದು ಗಂಡಿಯನ್ನು ತಾನೆ?’ ಎಂದುಕೊಂಡಿತು. ತನ್ನ ಹೊಗೆಗಂಡಿಯನ್ನು ಒಳಗಿನಿಂದ ಮುಚ್ಚಿತು. ಒಲೆಯಿಂದ ಗುಡ್ಡದಾಚೆಯವರೆಗೆ ಸುರಂಗ ತೋಡಿತು. ಸಿಡಿಲು ಬಡಿದು ಕರಿದಾದ ಪೊಳ್ಳುಮರದ ಬುಡದಲ್ಲಿ ಅದರ ಬಾಯಿ. ಸಂಜೆ ಒಲೆ ಹೊತ್ತಿಸಿ, ಹಗಲು ಅದನ್ನು ಆರಿಸಿ ಮಲಗುತ್ತಿತ್ತು.

“ಮೆತ್ತಲು ನೀನು ಬರಲೇ ಇಲ್ಲವಲ್ಲ, ನರಿಯಣ್ಣ?” ಎಂದಿತು ಮುಳ್ಳುಹಂದಿ.

“ನಾನು ಒಲೆಯನ್ನೇ ಹೊತ್ತಿಸುವುದಿಲ್ಲ, ಮುಳ್ಳಕ್ಕ. ಚಳಿ ಅನ್ನುವುದು ಮನಸ್ಸಿನಲ್ಲಿದೆ.”

“ಬಾಲದಲ್ಲಿ ಇಲ್ಲವೋ?” ಎಂದಿತು ಕಾಗೆ. ಆದರೂ ಗಂಡಿ ಮುಟ್ಟಿ ನೋಡಿದರೆ ತಣ್ಣಗಿತ್ತು. ನರಿಯ ಮನೆಯಲ್ಲಿ ಹೊಗೆಯೇ ಇಲ್ಲ ಎಂದು ಸಭೆಗೆ ಹೇಳಿತು. ಎಲ್ಲವೂ ನರಿಯನ್ನು ಹೊಗಳಿದವು.

ಒಂದೊಂದೇ ಮನೆಯ ಹೊಗೆ ಸಣ್ಣದಾಯಿತು. ನೇರಳೆ ಹೂ ಬಿಟ್ಟಿತು. ಆದರೂ ಸಂಜೆಯಾದರೆ ಗುಡ್ಡದ ಗಾಳಿ ಹೊಗೆ ಹೊತ್ತು ತರುತ್ತಿತ್ತು. ಮುದಿ ಜೇನು ಮತ್ತೆ ಬಂತು.

“ನಾವು ಹೊರಡುತ್ತೇವೆ.”

“ಎಲ್ಲ ಗಂಡಿಗಳನ್ನೂ ನೋಡಿದ್ದೇನೆ, ಅಜ್ಜಿ,” ಎಂದಿತು ಕಾಗೆ.

“ನೀನು ಗಂಡಿ ನೋಡಿದೆ, ಮಗಾ. ನಾವು ಗಾಳಿಯಲ್ಲಿ ಹಾರುತ್ತೇವೆ.”

“ನಾಳೆ ಸಂಜೆಯವರೆಗೆ ನಿಲ್ಲಿ, ಅಜ್ಜಿ,” ಎಂದು ಮುಳ್ಳುಹಂದಿ ಬೇಡಿಕೊಂಡಿತು. “ಮೊಲದ ಮನೆ ಮೆತ್ತುವುದೊಂದು ಉಳಿದಿದೆ.”

ಮರುದಿನ ಮಧ್ಯಾಹ್ನ ಮೊಲ, ಮುಳ್ಳುಹಂದಿ ಜೇಡಿಮಣ್ಣು ತರಲು ಗುಡ್ಡದಾಚೆ ಹೋದವು. ಪೊಳ್ಳುಮರದ ಬುಡದ ಬಿರುಕಿನಿಂದ ಏನೋ ಸದ್ದು ಬರುತ್ತಿತ್ತು. ಮೊಲ ಕಿವಿಗೊಟ್ಟಿತು.

“ಇದು ನರಿಯಣ್ಣನ ಗೊರಕೆ.”

“ಪಾಪ, ಇಷ್ಟು ದೊಡ್ಡ ಬಿರುಕು,” ಎಂದಿತು ಮುಳ್ಳುಹಂದಿ. “ಒಲೆಯೂ ಇಲ್ಲದೆ ಹೇಗೆ ಮಲಗುತ್ತಾನೋ. ಬಾಯಿತುಂಬ ಹೊಗಳಿದೆವು, ಒಬ್ಬರೂ ಹೋಗಿ ನೋಡಲಿಲ್ಲ.”

“ಅವನು ಯಾರ ಮನೆಗೂ ಬರಲಿಲ್ಲವಲ್ಲ.”

“ಮುಯ್ಯಿಯಲ್ಲಿ ಯಾರಾದರೂ ಮೊದಲು ಮಾಡಬೇಕು.”

ಎರಡೂ ಸೇರಿ ಬಿರುಕಿಗೆ ಮಣ್ಣು ತುಂಬಿ ಗಟ್ಟಿಯಾಗಿ ಮೆಟ್ಟಿದವು. ನರಿಗೆ ಎಚ್ಚರವಾಗಲಿಲ್ಲ.

ಸಂಜೆ ಸಭೆ ಸೇರಿತು. ಜೇನುಗಳು ಹೊರಡಲು ಸಿದ್ಧವಾಗಿದ್ದವು. ಅಷ್ಟರಲ್ಲಿ ನರಿಯ ಬಿಲದ ಬಾಗಿಲಿನಿಂದ ದಟ್ಟ ಹೊಗೆ ಉಕ್ಕಿತು. ಅದರ ನಡುವಿನಿಂದ ನರಿ ಕೆಮ್ಮುತ್ತ ಹೊರಗೆ ಬಂತು. ಮೀಸೆ ಸುಟ್ಟಿತ್ತು, ಮೈಯೆಲ್ಲ ಮಸಿ.

“ನನ್ನ ಗಂಡಿ ಮುಚ್ಚಿದವರು ಯಾರು?” ಎಂದು ಕೂಗಿತು.

“ಯಾವ ಗಂಡಿ, ನರಿಯಣ್ಣ?” ಎಂದಿತು ಕಾಗೆ.

ನರಿ ತಲೆ ತಗ್ಗಿಸಿ ಸುರಂಗದ ಕಥೆ ಹೇಳಿತು. ಮುಳ್ಳುಹಂದಿ ಬಿಲದೊಳಗೆ ನೀರು ಸುರಿದು ಬೆಂಕಿ ಆರಿಸಿತು. ಸ್ವಲ್ಪ ಹೊತ್ತಿಗೆ ಗುಡ್ಡದ ಗಾಳಿ ಬೀಸಿತು. ಅದರಲ್ಲಿ ನೇರಳೆ ಹೂವಿನ ವಾಸನೆ ಮಾತ್ರ ಇತ್ತು. ಮುದಿ ಜೇನು ಹಾರಿ ಹೋಗಿ ಒಂದು ಹೂವಿನ ಮೇಲೆ ಕುಳಿತಿತು. ಉಳಿದ ಜೇನುಗಳೂ ಹಿಂಬಾಲಿಸಿದವು.

ಒದ್ದೆ ಬಿಲದಲ್ಲಿ ಆ ಚಳಿಗೆ ಮಲಗುವಂತಿರಲಿಲ್ಲ. ನರಿ ಮೊಲದ ಮನೆ ಮೆತ್ತುತ್ತಿದ್ದ ಮುಳ್ಳುಹಂದಿಯ ಮುಂದೆ ಬಂದು ನಿಂತಿತು.

“ಮಣ್ಣು ಮೆಟ್ಟಲು ಬರಲೇ, ಮುಳ್ಳಕ್ಕ?”

“ಬಾ,” ಎಂದಿತು ಮುಳ್ಳುಹಂದಿ. “ಇದು ಮುಗಿದ ಮೇಲೆ ನಿನ್ನ ಮನೆ. ಆ ಸುರಂಗಕ್ಕೆ ಪಟ್ಟ ಕಷ್ಟದಲ್ಲಿ ನಾಲ್ಕು ಮನೆ ಮೆತ್ತಬಹುದಿತ್ತು.”

ನೀತಿ: ಹೊಗೆಯನ್ನು ಮರೆಮಾಡಿದರೆ ಅದು ಕಡಿಮೆಯಾಗುವುದಿಲ್ಲ, ಬೆಂಕಿಯನ್ನೇ ಕಡಿಮೆ ಮಾಡಬೇಕು.